ಮೇಡಂ, ನಮ್ಮಮ್ಮನಿಗೊಂದು ಮಾತು

ಬ್ಯಾಡ್ಮಿಂಟನ್ ಕೋರ್ಟಿನೊಳಗೆ ಕಾಲಿಟ್ಟ ಮೇಲೆ ಅಮ್ಮನನ್ನು ಅಮ್ಮ ಎನ್ನಬಾರದು, ಮೇಡಂ ಎನ್ನಬೇಕು. ಬಾಯಿ ತಪ್ಪಿ ಅಮ್ಮಾ ಎಂದರೆ ಹತ್ತು ಸುತ್ತು ಓಟ. ಕೋಚ್ ತನ್ನ ಮಗಳಿಗೇ ಪಕ್ಷಪಾತ ಮಾಡಿದಳೆಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ! ಈಗ ಹದಿನೈದು ತುಂಬಿರುವ ಮಗಳು ಗುಬ್ಬಿ ಮೊದಲ ತಿಂಗಳು ಓಡಿದ ಸುತ್ತುಗಳನ್ನೆಲ್ಲ ಜೋಡಿಸಿದ್ದರೆ ಪಕ್ಕದ ಊರು ಮುಟ್ಟಬಹುದಿತ್ತು.

ಬ್ಯಾಡ್ಮಿಂಟನ್ ಅವಳಿಗೆ ಮದ್ದಾಗಿ ಬಂದದ್ದು. ಎರಡು ವರ್ಷದ ಹಿಂದೆ ಶಾಲೆಗೂ ಹೋಗದೆ, ಸರಿಯಾಗಿ ಉಣ್ಣದೆ, ಗೋಡೆ ನೋಡುತ್ತ ಮಲಗಿದ್ದಾಗ, ನಾಲ್ಕು ಮಕ್ಕಳ ಜೊತೆ ಆಡಲಿ ಎಂದು ಡಾಕ್ಟರೇ ಹೇಳಿದ್ದರು. ಆಡಿದಳು, ನಕ್ಕಳು ಕೂಡ. ಗ್ರಹಚಾರಕ್ಕೆ ಗೆದ್ದೂಬಿಟ್ಟಳು. ಅಲ್ಲಿಂದ ಮದ್ದು ಹೋಗಿ ಪದಕ ಬಂತು, ಬೆಳಗ್ಗೆ ಐದರ ಅಲಾರಂ ಬಂತು, ಎದೆಯ ಮೇಲಿನ ಹಳೆಯ ಭಾರವೂ ಮರಳಿ ಬಂತು.

ಶನಿವಾರ ಆಟ ಮುಗಿದ ಮೇಲೆ ಮಕ್ಕಳೆಲ್ಲ ನೆಟ್ಟಿನ ಪಕ್ಕ ದುಂಡಗೆ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುತ್ತಿದ್ದರು. ಮೇಡಂ ಕೇಳಿಸಿಕೊಳ್ಳುವ ಚಂದ ನೋಡಬೇಕು! ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೊನೆಗೆ, ನಿಮ್ಮ ಮನೆಯಲ್ಲಿ ನಾನು ಮಾತಾಡ್ತೀನಿ ಎನ್ನುತ್ತಿದ್ದರು, ಮಾತಾಡುತ್ತಲೂ ಇದ್ದರು. ನಿನಗೇನಮ್ಮ, ಮೇಡಂ ಮನೆಯಲ್ಲೇ ಇದ್ದಾರೆ ಎಂದು ಗೆಳತಿಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಗುಬ್ಬಿಯದು ಮಾತ್ರ ಪ್ರತಿ ವಾರ ಒಂದೇ ಉತ್ತರ: ಚೆನ್ನಾಗಿದ್ದೀನಿ ಮೇಡಂ. ಅಮ್ಮನ ಮೇಲಿನ ದೂರನ್ನು ಅಮ್ಮನಿಗೇ ಒಪ್ಪಿಸುವುದು ಹೇಗೆ? ಮನೆಗೆ ಹೋದರೆ ಆ ಅಮ್ಮನಿಗೆ ಕಿವಿಯೇ ಇರಲಿಲ್ಲ, ಬರೀ ಟೂರ್ನಮೆಂಟಿನ ತಾರೀಖು. ಎತ್ತ ತಿರುಗಿದರೂ ಅದೇ ಮುಖ.

ಈ ಶನಿವಾರವೂ ಅದೇ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಹೊರಬೀಳಲಿಲ್ಲ.

"ಮೇಡಂ, ನಂಗೆ ಆಡೋಕಾಗ್ತಿಲ್ಲ. ಮತ್ತೆ ಮೊದಲಿನ ಹಾಗೇ ಆಗ್ತಿದೆ. ನಮ್ಮಮ್ಮನಿಗೆ ಹೇಳೋಕೆ ಭಯ. ನೀವು ಸ್ವಲ್ಪ ಹೇಳ್ತೀರಾ?"

ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಮೇಡಂ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಶಟಲಿನ ಗರಿ ಸವರಿ ನೇರ ಮಾಡಿದರು.

"ಮಾತಾಡ್ತೀನಿ," ಎಂದರು.

ಅಮ್ಮ ಸ್ಕೂಟರನ್ನು ಸೀದಾ ಮನೆಯತ್ತ ಬಿಟ್ಟಳು. ಹಿಂದೆ ಕೂತ ಗುಬ್ಬಿಗೆ ಇಳಿದು ಓಡಿಹೋಗೋಣವೆನಿಸಿತು. ಓಡಿದರೆ ಎಲ್ಲಿಗೆ? ಮನೆಯ ಮುಂದೆ ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆಯದೆ, ತಿರುಗಿಯೂ ನೋಡದೆ ಅಮ್ಮ ಹೇಳಿದಳು:

"ನಿಮ್ಮ ಮೇಡಂ ಸಿಕ್ಕಿದ್ರು. ಎಲ್ಲಾ ಹೇಳಿದ್ರು. ನಂಗೆ ಅವರ ಮೇಲೂ ಸಿಟ್ಟಿದೆ, ನಿನ್ನ ಮೇಲೂ ಇದೆ. ನಾಳೆ ಅಲಾರಂ ಇಡಬೇಡ."

ನಾಳಿದ್ದಿಗೆ ಇಡಬೇಕೇ ಎಂದು ಕೇಳುವ ಧೈರ್ಯ ಗುಬ್ಬಿಗೆ ಬರಲಿಲ್ಲ.