ಕ್ವಾರಿ ಹೊಂಡಕ್ಕೆ ಮೀನು

“ಗೋಡೇನೇ ಇಲ್ವಲ್ಲಮ್ಮ, ಔಷಧಿ ಎಲ್ಲಿಗ್ ಹೊಡೀಲಿ? ನಿನ್ ತಲೆ ಮೇಲಾ?”

ಸೊಳ್ಳೆ ಔಷಧಿ ಸಿಂಪಡಿಸಲು ಬಂದಿದ್ದ ಮುರಳಿಮೋಹನ್ ಬೆನ್ನಿನ ಪಂಪನ್ನು ಇಳಿಸಲೂ ಇಲ್ಲ. ಬೈರಕೂರಿನಾಚೆ, ಪಾಳುಬಿದ್ದ ಕಲ್ಲುಕ್ವಾರಿಯ ಅಂಚಿನಲ್ಲಿ ನಮ್ಮದು ಬರೀ ಟಾರ್ಪಾಲು. ಊರಿನವರು ನಮ್ಮ ಕೇರಿಗೆ ಬೆಂಕಿಯಿಟ್ಟು ಓಡಿಸಿದ ಮೇಲೆ ಇಲ್ಲೇ ಇದ್ದೇವೆ.

ಒಳಗೆ ನನ್ನ ಮಗಳು ಮೇಘನ ಹಲ್ಲು ಕಟಕಟಿಸುತ್ತಿದ್ದಳು. ಮಲೇರಿಯಾ ಮಾತ್ರೆ ಮುಗಿಸಿ ತಿಂಗಳಾಗಿಲ್ಲ, ಮತ್ತೆ ಚಳಿಜ್ವರ. ಕಂಬಳಿ ಹೊದಿಸಿ ಮೇಲೆ ನಾನೇ ಮಲಗಿದರೂ ಮಗುವಿನ ನಡುಕ ನಿಲ್ಲುತ್ತಿರಲಿಲ್ಲ.

“ಡಬ್ಬ, ಟೈರು, ತೊಟ್ಟಿ ಎಲ್ಲಾ ನಾವೇ ಬೋರಲು ಹಾಕಿದೀವಿ. ಆ ಹೊಂಡಾನ ಹೆಂಗ್ ಬೋರಲು ಹಾಕೋದು ಸಾರ್?” ಪಕ್ಕದ ಗುಡಾರದ ಬೈರಮ್ಮ ಕ್ವಾರಿಯತ್ತ ಕೈ ತೋರಿಸಿದಳು. ನೀರಿನ ತುಂಬ ಸೊಳ್ಳೆಮರಿ ಮಿಸುಕಾಡುತ್ತಿದ್ದವು.

“ಅದಕ್ಕೆ ಮರಿ ತಿನ್ನೋ ಗಪ್ಪಿ ಮೀನು ಬಿಡ್ಬೇಕು. ನಮ್ ಹತ್ರ ಖಾಲಿ. ನಿಮ್ಮೂರ ಕೆರೇಲಿ ಬಿಟ್ಟಿದೀವಲ್ಲ, ಹೋಗಿ ಹಿಡ್ಕೊಂಬನ್ನಿ,” ಎಂದು ಅವನು ನಕ್ಕ.

ಆ ಕೆರೆಯಲ್ಲಿ ನಮ್ಮ ಹುಡುಗರು ಈಜಿದ್ದಕ್ಕೇ ಕೇರಿ ಸುಟ್ಟಿದ್ದು. ಅವನಿಗೂ ಗೊತ್ತಿತ್ತು.

“ನಗ್ತಾನೆ ನೋಡು ಬಾಡ್ಕಾವು,” ಬೈರಮ್ಮ ಉಗಿದು ನನ್ನತ್ತ ತಿರುಗಿದಳು. “ನಡಿಯೇ ಅಶ್ವತ್ಥಮ್ಮಾ, ಹೋಗೇ ಬಿಡಣ.”

ಮಾರನೇ ಬೆಳಿಗ್ಗೆ ಮೇಘನಳಿಗೆ ಗಂಜಿ ಕುಡಿಸಿ, ಬೈರಮ್ಮನ ಅತ್ತೆಯ ಮಡಿಲಿಗೆ ಹಾಕಿ ಹೊರಟೆ. ಗುಡಾರಗಳ ಹೆಂಗಸರೆಲ್ಲ ಬಂದರು. ಹಳೇ ಸೀರೆಯನ್ನೇ ಬಲೆ ಮಾಡಿ ಕೆರೆಯಂಚಿನಲ್ಲಿ ಎಳೆದೆವು. ಬಿಂದಿಗೆ ಅರ್ಧ ತುಂಬುವಷ್ಟರಲ್ಲಿ ಕೆರೆ ಪಕ್ಕದ ತೋಟದ ಯಜಮಾನ ಕೋದಂಡರಾಮಪ್ಪ ದೊಣ್ಣೆ ಹಿಡಿದು ಬಂದ.

“ಮತ್ತೆ ನೀರು ಮುಟ್ಟಿದ್ರೇನ್ರೇ ಮುಂಡೇರಾ? ಬೆಂಕಿ ಸಾಕಾಗ್ಲಿಲ್ವಾ?”

ಬಿಂದಿಗೆಗೆ ಒದ್ದ. ಮೀನೆಲ್ಲ ಕೆಸರಿಗೆ ಬಿದ್ದು ಒದ್ದಾಡಿದವು. ಸೀರೆಯನ್ನು ಕಿತ್ತು ಜಾಲಿಮುಳ್ಳಿಗೆ ಎಸೆದ. ದೊಣ್ಣೆ ನನ್ನ ಬೆನ್ನಿಗೆ ಬಿತ್ತು. ನಾನು ದಡಕ್ಕೆ ಓಡಲಿಲ್ಲ. ಒಳಕ್ಕೆ ನಡೆದೆ, ಸೊಂಟದ ಮಟ್ಟದ ನೀರಿಗೆ. ಉಳಿದವರೂ ಬಂದರು.

ಅವನ ಚಪ್ಪಲಿ ನೀರಿನಂಚಿನಲ್ಲಿ ನಿಂತುಬಿಟ್ಟಿತು. ನಾವು ಇಳಿದ ನೀರು. ಅವನು ಹೇಗೆ ಇಳಿದಾನು?

“ಬಾರಯ್ಯ ಯಜಮಾನ, ಇಳ್ದು ಹೊಡಿ ಬಾ!” ಬೈರಮ್ಮ ಕೂಗಿದಳು. “ಆಮೇಲ್ ತಲೆಗೆ ನೀರ್ ಹುಯ್ಕೊಳಕ್ಕೆ ಯಾವ್ ಕೆರೆಗೋಗ್ತೀಯೋ ಹೋಗು!”

ಅವನು ಫೋನ್ ತೆಗೆದ. ಸ್ವಲ್ಪ ಹೊತ್ತಿಗೆ ಕೆರೆಕಟ್ಟೆಯ ಮೇಲೆ ಬೈಕುಗಳ ಸದ್ದು ಕೇಳಿಸಿತು. ಒಂದಲ್ಲ, ಸಾಲು.

ನಾನು ಉಟ್ಟ ಸೀರೆಯ ಸೆರಗನ್ನು ಬಿಡಿಸಿ ಒಂದು ತುದಿ ಬೈರಮ್ಮನ ಕೈಗೆ ಕೊಟ್ಟೆ, ಇನ್ನೊಂದನ್ನು ನೀರಿನಡಿಗೆ ಇಳಿಸಿದೆ.

“ಮೆಲ್ಲಗೆ ಎಳಿಯಕ್ಕಾ,” ಎಂದೆ. “ಮೀನು ಸಾಯ್ತವೆ.”