ಬೋರಲು ಬಾಟಲಿ

ನನ್ನ ಬಲಗಾಲಿಗೆ ಈ ಬೀದಿಯ ಗಾಡಿಗಳೆಲ್ಲ ಪರಿಚಯ. ಅಣ್ಣನ ಗ್ಯಾರೇಜಿಗೆ ಬ್ರೇಕಿನ ಕೆಲಸ ಬಂದರೆ ಪೆಡಲ್ ಒತ್ತಲು ನಾನೇ ಬೇಕು. ಮದುವೆಗೆ ಮುಂಚೆಯೂ ನಾನೇ, ಅದೇ ಬೀದಿಯ ಇನ್ನೊಂದು ಮನೆಗೆ ಸೊಸೆಯಾಗಿ ಬಂದ ಮೇಲೂ ನಾನೇ. "ಬೇರೆಯವರ ಕಾಲಿಗೆ ಕಿವಿ ಇಲ್ಲ ಕಣೇ" ಅನ್ನುತ್ತಾನೆ. ಅದನ್ನು ಹೊಗಳಿಕೆ ಅಂದುಕೊಂಡು ನಾನೂ ಒಲೆ ಆರಿಸಿ ಬರುತ್ತೇನೆ.

ಅಣ್ಣ ಗಾಡಿಯಡಿ ಮಲಗಿ, ಚಕ್ರದ ಹಿಂದಿನ ಪುಟ್ಟ ನಿಪ್ಪಲ್ಲಿಗೆ ಪಾನಾ ಹಾಕಿ, "ಒತ್ತು" ಅನ್ನುತ್ತಾನೆ. ನಾನು ಒತ್ತಿ, "ಒತ್ತಿದೆ" ಅಂತ ಕೂಗಬೇಕು. "ಹಿಡ್ಕೊ" ಅಂದರೆ "ಹಿಡಿದೆ" ಅನ್ನಬೇಕು. ಆಗ ಅವನು ನಿಪ್ಪಲ್ ಸಡಿಲಿಸುತ್ತಾನೆ, ನನ್ನ ಪಾದದಡಿ ಪೆಡಲ್ ಕುಸಿಯುತ್ತದೆ, ಹಳೆಯ ಎಣ್ಣೆ ಪೈಪಿನಲ್ಲಿ ಡಬ್ಬಕ್ಕೆ ಇಳಿಯುತ್ತದೆ. ನಿಪ್ಪಲ್ ಮತ್ತೆ ಬಿಗಿದು ಅವನು "ಬಿಡು" ಅನ್ನುವ ತನಕ, ಮನೆಗೆ ಬೆಂಕಿ ಬಿದ್ದರೂ ನಾನು ಕಾಲು ಎತ್ತುವ ಹಾಗಿಲ್ಲ. ಎತ್ತಿದರೆ ಪೈಪಿನೊಳಗೆ ಗಾಳಿ ನುಗ್ಗುತ್ತದೆ, ಬೆಳಗಿಂದ ಮಾಡಿದ್ದೆಲ್ಲ ಹಾಳು.

ಆ ದಿನ ಬಂದಿದ್ದು ಇವರ ಗಾಡಿಯೇ, ಅಂದರೆ ನನ್ನ ಗಂಡನದು. ನಮ್ಮ ಬೀದಿ ಇರುವುದು ದೊಡ್ಡ ಇಳಿಜಾರಿನ ನಡುವೆ. ಮೇಲೆ ತುದಿಯಲ್ಲಿ ಶಾಲೆ, ಕೆಳಗೆ ಬುಡದಲ್ಲಿ ಬಟ್ಟೆ ಕಾರ್ಖಾನೆ. ಇವರು ಮಿನಿಬಸ್ಸಿನಲ್ಲಿ ಹೆಂಗಸರನ್ನು ಕಾರ್ಖಾನೆಗೆ ಇಳಿಸಿ, ಕೆಲಸ ಬಿಟ್ಟವರನ್ನು ಹತ್ತಿಸಿಕೊಂಡು ಬರುತ್ತಾರೆ. ದಾರಿಯ ಕೊನೆಯ ತಿರುವಿನಲ್ಲಿ ಒಂದು ಕಲ್ಲಿನ ಗೋಡೆ ಇದೆ. ಅದರ ಮೈತುಂಬ ನಾನಾ ಬಣ್ಣದ ಗೀರುಗಳು. ಯಾವ ಬಣ್ಣ ಯಾರ ಗಾಡಿಯದು ಅಂತ ನಮ್ಮ ಬೀದಿಯವರಿಗೆಲ್ಲ ಗೊತ್ತು, ಯಾರೂ ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

"ಪೆಡಲ್ ಕಲ್ಲಾಗಿದೆ, ಚಕ್ರ ಮುಟ್ಟಿದ್ರೆ ಕೈ ಸುಡತ್ತೆ" ಅಂದರು ಇವರು.

ಅಣ್ಣ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ. ಮುಚ್ಚಳದೊಳಗಿನ ರಬ್ಬರ್ ಊದಿಕೊಂಡು ಹೊರಗೆ ಜೋತುಬಿತ್ತು, ಎಷ್ಟು ಒತ್ತಿದರೂ ಮತ್ತೆ ಒಳಗೆ ಕೂರಲೊಲ್ಲದು. ಅವನು ಟೀ ಗ್ಲಾಸಿಗೆ ನೀರು ತುಂಬಿ, ಡಬ್ಬಿಯಿಂದ ಒಂದಿಷ್ಟು ಎಣ್ಣೆ ಎಳೆದು ಅದಕ್ಕೆ ಬಿಟ್ಟ. ಅಸಲಿ ಬ್ರೇಕ್ ಎಣ್ಣೆ ನೀರಿನಲ್ಲಿ ಬೆರೆತು ಕಾಣದಾಗುತ್ತದೆ. ಇಲ್ಲಿ ಅರ್ಧ ಬೆರೆಯಿತು. ಉಳಿದದ್ದು ಮೇಲೆ ಬಂದು ಕೆಂಪು ಉಂಗುರವಾಗಿ ತೇಲುತ್ತ ನಿಂತಿತು.

"ಸ್ಟೇರಿಂಗ್ ಎಣ್ಣೆ, ಸ್ಟೇರಿಂಗ್ ಹಗುರಾಗಿ ತಿರುಗ್ಲಿ ಅಂತ ಹಾಕೋದು" ಅಂದ ಅಣ್ಣ. "ಇದು ಬ್ರೇಕಿಗೆ ವಿಷ. ಒಳಗಿನ ರಬ್ಬರೆಲ್ಲ ತಿಂದುಹಾಕತ್ತೆ. ಮೊದಲು ಪೆಡಲ್ ಬಿಗಿಯಾಗತ್ತೆ, ಜನ ಒಳ್ಳೇದೇ ಆಯ್ತು ಅಂದ್ಕೋತಾರೆ. ಆಮೇಲೆ ಒಂದು ದಿನ ಒತ್ತಿದ್ರೆ ಏನೂ ಇರಲ್ಲ. ಯಾವ ಪುಣ್ಯಾತ್ಮ ಹಾಕಿದ್ದು?"

"ಗಾಡಿ ತೊಳಿಯೋ ಕಡೆ ಯಾರೋ ಕೈಯಾಡಿಸಿರಬೇಕು" ಅಂದರು ಇವರು. ಬೇರೆ ಯಾರು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಅವತ್ತು ಸಂಜೆಯ ತನಕ ಕೆಲಸ ನಡೆಯಿತು. ನಾಲ್ಕೂ ಚಕ್ರದ ರಬ್ಬರ್, ಮೇಲಿನ ಸಿಲಿಂಡರಿನ ರಬ್ಬರ್ ಎಲ್ಲ ಕಿತ್ತು ಹೊಸದು ಹಾಕಿ, ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು, ಸೀಲು ಒಡೆಯದ ಹೊಸ ಬಾಟಲಿಯ ಎಣ್ಣೆ ಬಿಟ್ಟೆವು. ಒತ್ತು, ಒತ್ತಿದೆ. ಹಿಡ್ಕೊ, ಹಿಡಿದೆ. ನನ್ನ ತೊಡೆ ಮರಗಟ್ಟಿತು. ಡಬ್ಬಕ್ಕೆ ಇಳಿಯುವ ಎಣ್ಣೆ ನೀರಿಗೆ ಬಿದ್ದರೆ ಕಾಣದಾಗುವ ತನಕ ಅಣ್ಣ ಬಿಡಲಿಲ್ಲ. ಕೊನೆಗೆ ಡಬ್ಬಿಯ ಗೆರೆಗಿಂತ ಒಂದು ಕೂದಲೆಳೆ ಕೆಳಗೆ ಎಣ್ಣೆ ನಿಲ್ಲಿಸಿ ಮುಚ್ಚಳ ಹಾಕಿದ.

ಹೊರಡುವಾಗ ಇವರು ನನ್ನನ್ನು ಪಕ್ಕಕ್ಕೆ ಕರೆದರು. "ಅಪ್ಪನಿಗೆ ಹೇಳ್ಬೇಡ. ಬ್ರೇಕ್ ಕೆಟ್ಟಿತ್ತು ಅಂದ್ರೆ ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ."

ನಮ್ಮ ಮನೆಯಲ್ಲಿ ಹಿರಿಯರಿಗೆ ಕೆಟ್ಟ ಸುದ್ದಿ ಮುಟ್ಟಿಸುವ ಪದ್ಧತಿಯೇ ಇಲ್ಲ. ಅತ್ತೆ ತೀರಿಕೊಂಡಾಗ ಸಹ ಮಾವನವರಿಗೆ ಮಧ್ಯಾಹ್ನದ ಊಟ ಮುಗಿದ ಮೇಲೆ ಹೇಳಿದವರು ನಾವು. ನಾನು ತಲೆಯಾಡಿಸಿದೆ.

ಮಾವನವರು ಜೀವಮಾನವೆಲ್ಲ ದೊಡ್ಡ ಲಾರಿ ಓಡಿಸಿದವರು. ಒಂದು ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಬಿಟ್ಟರು, ಗಾಡಿಯ ಚಟ ಬಿಡಲಿಲ್ಲ. ಬೆಳಗಾಗುವ ಮುಂಚೆ ಹೆಗಲಿಗೊಂದು ಬಟ್ಟೆ ಹಾಕಿಕೊಂಡು ಬೀದಿಯುದ್ದಕ್ಕೂ ನಿಂತ ಗಾಡಿಗಳನ್ನು ನೋಡಿಕೊಂಡು ಬರುತ್ತಾರೆ. ಟೈರು ಒದ್ದು ನೋಡುತ್ತಾರೆ, ನೀರು ತುಂಬಿಸುತ್ತಾರೆ, ಗಾಜು ಒರೆಸುತ್ತಾರೆ. ಡ್ರೈವರುಗಳೂ ಅಷ್ಟೇ, ಸಂಜೆ ಕೀಲಿ ತಂದು ಮಾವನವರ ಕೈಗೇ ಕೊಡುತ್ತಾರೆ. ಅಣ್ಣ ಅವರ ಬೆನ್ನ ಹಿಂದೆ "ಇನ್ಸ್‌ಪೆಕ್ಟರು" ಅನ್ನುತ್ತಾನೆ, ಎದುರಿಗೆ ಬಂದರೆ ಬೀಡಿ ಬಚ್ಚಿಡುತ್ತಾನೆ.

ಅವರ ಇನ್ನೊಂದು ಚಟ ನನ್ನ ತಲೆನೋವು. ಯಾವ ಸೀಸೆಯ ತಳದಲ್ಲೂ ಒಂದು ತೊಟ್ಟು ಉಳಿಯಬಾರದು. ಮುಗಿದ ಸೀಸೆಯನ್ನು ಬೋರಲು ಮಾಡಿ, ಇನ್ನೊಂದರ ಬಾಯಿಗೆ ಬಾಯಿ ಕೂರಿಸಿ, ಕಿಟಕಿಯ ಕಟ್ಟೆ ಮೇಲೆ ನಿಲ್ಲಿಸಿಬಿಡುತ್ತಾರೆ. ಶಾಂಪೂ, ಕೆಮ್ಮಿನ ಔಷಧಿ, ಎಲ್ಲವೂ ನಮ್ಮ ಮನೆಯಲ್ಲಿ ತಲೆ ಮೇಲೆ ನಿಲ್ಲುತ್ತವೆ. ಒಮ್ಮೆ ತಲೆಗೆ ಹಚ್ಚುವ ಎಣ್ಣೆಯನ್ನು ಅಡುಗೆ ಎಣ್ಣೆಗೆ ಇಳಿಸಿ ಇಡೀ ಊಟವನ್ನು ಸೆಂಟಿನ ಅಂಗಡಿ ಮಾಡಿದ್ದರು. ನಾನು ಕೆಂಡಾಮಂಡಲವಾದೆ. "ಎಣ್ಣೆ ಎಣ್ಣೇನೇ ಅಲ್ವೇನಮ್ಮಾ?" ಅಂತ ಮಗುವಿನ ಹಾಗೆ ನಕ್ಕುಬಿಟ್ಟರು. ಆ ನಗು ಬಂದರೆ ನನ್ನ ಕೋಪ ಎಲ್ಲಿ ಹೋಗುತ್ತದೋ ನನಗೇ ತಿಳಿಯುವುದಿಲ್ಲ.

ಗಾಡಿ ರಿಪೇರಿಯಾಗಿ ಕೆಲವು ದಿನ ಕಳೆದವು. ಒಂದು ಸಂಜೆ ಇವರು ಕೈ ತೊಳೆಯುತ್ತ, "ನಿಮ್ಮಣ್ಣನ ಕೈಯೇ ಕೈ. ಪೆಡಲ್ ಎಷ್ಟು ಬಿಗಿ ಕೂತಿದೆ ಗೊತ್ತಾ?" ಅಂದರು.

"ಬಿಗಿ ಅಂದ್ರೆ?"

"ಹೊಸ ರಬ್ಬರ್ ಅಲ್ವಾ, ಬಿಗಿ ಇರತ್ತೆ. ನಿಂದೊಂದು ಅನುಮಾನ."

ನನ್ನ ಕಾಲಿಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಕೊನೆಯ ಸಲ ಬಿಟ್ಟಾಗ ಆ ಪೆಡಲ್ ಮೆತ್ತಗೆ, ಹದವಾಗಿತ್ತು. ಮಾರನೆಯ ದಿನ ಅಣ್ಣನಿಗೆ ಹೇಳಿದೆ. ಅವನು ಇಂಜಿನ್ನಿನೊಳಗಿಂದ ತಲೆ ಎತ್ತಲೇ ಇಲ್ಲ. "ಭಾನುವಾರ ತರೋಕೆ ಹೇಳು, ನೋಡೋಣ. ಈ ವಾರ ಎಲ್ಲರದ್ದೂ ಅದೇ ರಾಗ. ಹಾಲಿನ ಗಾಡಿಯವನೂ ಪೆಡಲ್ ಬಿಗಿ ಅಂತ ಬಂದಿದ್ದ, ಅವನಿಗೂ ಭಾನುವಾರ ಅಂದಿದೀನಿ" ಅಂದ. ನಾನೂ ಸುಮ್ಮನೆ ಮನೆಗೆ ಬಂದೆ.

ಅದರ ಮಾರನೆಯ ಮಧ್ಯಾಹ್ನ ಮಾವನವರು ಊಟ ಮುಗಿಸಿ ಮಲಗಿದ್ದರು. ಒಣಗಿದ ಬಟ್ಟೆ ಮಡಿಸಿ ಅವರ ಕೋಣೆಯಲ್ಲಿಡಲು ಹೋದೆ. ಕಿಟಕಿಯ ಕಟ್ಟೆ ಮೇಲೆ, ಪರದೆಯ ಮರೆಯಲ್ಲಿ, ಒಂದು ಬಾಟಲಿ ಇನ್ನೊಂದರ ಮೇಲೆ ಬೋರಲು ನಿಂತಿತ್ತು. ಕೆಳಗಿನದು ಬ್ರೇಕ್ ಎಣ್ಣೆಯ ಬಾಟಲಿ. ಮೇಲಿನದರ ಚೀಟಿ ತಲೆಕೆಳಗಾಗಿತ್ತು, ಕತ್ತು ಓರೆ ಮಾಡಿ ಓದಬೇಕಾಯಿತು. ಸ್ಟೇರಿಂಗ್ ಎಣ್ಣೆ. ಎರಡು ಬಾಯಿ ಕೂಡುವ ಜಾಗವನ್ನು ಮುಟ್ಟಿದೆ. ಬೆರಳಿಗೆ ಕೆಂಪು ಹತ್ತಿತು.

ಮಾವನವರು ಓಡಿಸಿದ ಲಾರಿಗಳಿಗೆಲ್ಲ ಗಾಳಿ ಬ್ರೇಕು. ಬ್ರೇಕಿನ ಎಣ್ಣೆ ಅನ್ನುವುದನ್ನು ಅವರು ಆಗ ಕೈಯಲ್ಲಿ ಹಿಡಿದವರೇ ಅಲ್ಲ. ಮೊದಲ ಸಲ ಗಾಡಿ ಕೆಟ್ಟದ್ದೂ ಹೀಗೇ ಇರಬೇಕು. ರಿಪೇರಿಯಾಗಿ ಬಂದ ಗಾಡಿಯಲ್ಲಿ ಎಣ್ಣೆ ಗೆರೆಗಿಂತ ಕೂದಲೆಳೆ ಕೆಳಗಿತ್ತು. ಅದನ್ನು ನೋಡಿಯೂ ತುಂಬಿಸದೆ ಬಿಡುವ ಜೀವವೇ ಅದು?

ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಗಾಡಿಯಲ್ಲಿದ್ದಾಗ ಫೋನ್ ಮುಟ್ಟಬಾರದು ಅಂತ ಮಗಳು ಪುಟ್ಟಿಯ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದವಳು ನಾನೇ. ಚಪ್ಪಲಿ ಕೂಡ ಮೆಟ್ಟದೆ ಗ್ಯಾರೇಜಿಗೆ ಓಡಿದೆ. ನನ್ನ ಬಾಯಿಂದ ಹೊರಟದ್ದು "ಮಾವ, ಕೆಂಪು" ಎರಡೇ ಮಾತು. ಅಣ್ಣನಿಗೆ ಅಷ್ಟು ಸಾಕಾಯಿತು. ಸ್ಕೂಟರ್ ಏರಿದೆವು.

ಬೀದಿ ಮುಗಿದು ಕಾರ್ಖಾನೆಯತ್ತ ಇಳಿಜಾರು ಶುರುವಾಗುವ ಕಡೆ ಇವರು ಹೆಂಗಸರನ್ನು ಹತ್ತಿಸಿಕೊಳ್ಳುತ್ತಾರೆ. ದೂರದಿಂದಲೇ ಕಂಡಿತು, ಗಾಡಿ ಭರ್ತಿಯಾಗಿ, ಬಾಗಿಲು ಹಾಕಿ, ಮೆಲ್ಲಗೆ ಉರುಳಲು ಶುರು ಮಾಡಿತ್ತು. ಅಣ್ಣ ಸ್ಕೂಟರನ್ನು ಅದರ ಮೂತಿಗೆ ಅಡ್ಡ ತಂದ. ಗಾಡಿ ನಿಂತಿತು, ಆದರೆ ನಿಲ್ಲಬೇಕಾದ ಕಡೆಗಿಂತ ಒಂದು ಮಾರು ಮುಂದೆ. ಸ್ಕೂಟರಿನ ಕನ್ನಡಿ ಮುರಿದು ಬಿತ್ತು.

"ತಲೆ ಕೆಟ್ಟಿದೆಯಾ ನಿಮಗೆ?" ಅಂತ ಇವರು ಕಿರುಚಿದರು.

"ಇಳೀರಿ" ಅಂದೆ. ಹ್ಯಾಂಡ್‌ಬ್ರೇಕ್ ಎಳೆಸಿ, ಅವರ ಜಾಗದಲ್ಲಿ ಕೂತು ಪೆಡಲ್ ಒತ್ತಿದೆ. ಗಾಡಿಯಡಿ ಯಾರೂ ಇಲ್ಲದಿದ್ದರೂ "ಒತ್ತಿದೆ" ಅಂತ ಬಾಯಿಗೆ ಬಂದೇಬಿಟ್ಟಿತು. ಕಾಲು ಎತ್ತಿದೆ. ಪೆಡಲ್ ಅಲ್ಲೇ ಕೂತಿತ್ತು. ಆಮೇಲೆ ಮಂಡಿನೋವಿನ ಮುದುಕರು ಕುರ್ಚಿಯಿಂದ ಏಳುವ ಹಾಗೆ ನಿಧಾನವಾಗಿ ಮೇಲೆ ಬಂತು.

ಅಣ್ಣ ಮುಂದಿನ ಚಕ್ರ ಮುಟ್ಟಿ ಕೈ ಹಿಂದೆಳೆದುಕೊಂಡ. ಡಬ್ಬಿಯ ಮುಚ್ಚಳ ತೆಗೆದರೆ ಅದೇ ಊದಿದ ರಬ್ಬರ್, ಮೇಲೆ ಅದೇ ಕೆಂಪು. "ಇವತ್ತು ಕೊನೇ ತಿರುವಿನ ತನಕ ಹೋಗ್ತಿರಲಿಲ್ಲ ಇದು" ಅಂದ ಮೆಲ್ಲಗೆ.

ಕಿಟಕಿಯಿಂದ ಒಬ್ಬಳು ತಲೆ ಹೊರಹಾಕಿ, "ಲೇಟಾದ್ರೆ ಸೂಪರ್‌ವೈಸರ್ ಮುಖ ನೀವು ಬಂದು ನೋಡ್ತೀರಾ?" ಅಂತ ಜಗಳ ತೆಗೆದಳು. ಅವಳನ್ನು ತಬ್ಬಿಕೊಂಡು ಅಳಬೇಕು ಅನ್ನಿಸಿತು ನನಗೆ. ಎಲ್ಲರನ್ನೂ ಇಳಿಸಿ ನಡೆದು ಹೋಗಲು ಹೇಳಿದೆವು. ಬೈಯುತ್ತ ಹೋದರು, ಜೀವಂತ ಹೋದರು.

ಇವರು ರಸ್ತೆಯಂಚಿನಲ್ಲಿ ಕುಕ್ಕರಿಸಿದರು. ಮೊದಲು ಬಂದ ಮಾತು, "ಅಪ್ಪನಿಗೆ ಹೇಳೋದು ಬೇಡ."

"ಹೇಳದೆ ಇದ್ದಿದ್ದಕ್ಕೇ ಅಲ್ವೇನಯ್ಯಾ ಇಷ್ಟೆಲ್ಲ ಆಗಿದ್ದು?" ಅಂದ ಅಣ್ಣ.

"ಅವರ ಕೈಯಿಂದ ಹೀಗಾಯ್ತು ಅಂದ್ರೆ ಅವರು ಉಳಿಯಲ್ಲ, ಭಾವ."

ಅಣ್ಣ ನನ್ನ ಕಡೆ ನೋಡಿದ. ನಾನು ಗಂಡನ ಪರ ನಿಂತೆ. ಆ ಮುದುಕರ ನಗು ಆರಿಹೋಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಮನೆಗೆ ಹೋಗಿ, ಅವರು ಏಳುವ ಮುಂಚೆ ಬಾಟಲಿ ಎಸೆದುಬಿಡುತ್ತೇನೆ, ನಾಳೆಯಿಂದ ಕೀಲಿ ಅವರ ಕೈಗೆ ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಅಂದೆ. ಗಂಡ ಉಳಿದಿದ್ದರು. ಅಷ್ಟೇ ಸಾಕು ಅನ್ನಿಸಿತ್ತು.

ಏರು ಹತ್ತಿ ಮನೆಗೆ ಬರುವಾಗ ಬೀದಿ ಖಾಲಿಯಿತ್ತು. ಗಾಡಿಗಳೆಲ್ಲ ಮಧ್ಯಾಹ್ನದ ಬಾಡಿಗೆಗೆ ಹೋಗಿದ್ದವು. ಅವು ನಿಲ್ಲುವ ಜಾಗದಲ್ಲಿ ಒಂದೊಂದು ಎಣ್ಣೆಯ ಕಲೆ ಮಾತ್ರ ಇತ್ತು. ಕೋಣೆಗೆ ಮೆಲ್ಲಗೆ ಹೋಗಿ ಮೇಲಿನ ಬಾಟಲಿ ತೆಗೆದಿಟ್ಟು, ಕೆಳಗಿನದನ್ನು ಎತ್ತಿದೆ. ಅದು ಹಗುರವಾಗಿತ್ತು. ಅಲುಗಿಸಿದೆ. ತಳದಲ್ಲಿ ನಾಲ್ಕು ಹನಿ ಆಡಿದ ಸದ್ದು, ಅಷ್ಟೇ.

ಇವರ ಗಾಡಿಯ ಡಬ್ಬಿ ಹಿಡಿಸುವುದು ಹೆಚ್ಚೆಂದರೆ ಒಂದು ಸಣ್ಣ ಲೋಟ. ಇದು ಅರ್ಧ ಲೀಟರಿನ ಬಾಟಲಿ.

"ಮಾವ" ಅಂದೆ. ಅವರು ಎಚ್ಚರವಾಗಿದ್ದರು. "ಮಾವ, ಈ ಬಾಟಲಿಯಲ್ಲಿದ್ದ ಎಣ್ಣೆ ಏನಾಯ್ತು?"

ಅವರು ಎದ್ದು ಕೂತು, ಮಂಜು ಕಣ್ಣನ್ನು ಉಜ್ಜಿಕೊಂಡರು. "ಖಾಲಿ ಮಾಡಿದೆ ಕಣಮ್ಮಾ. ಬ್ರೇಕ್ ಎಣ್ಣೆ ಬಾಟಲಿ ಬಾಯಿ ತೆಗೆದಿಟ್ಟರೆ ತೇವ ಎಳಿಯತ್ತೆ, ಆಮೇಲೆ ಹಾಕಬಾರದು ಅಂತ ನಿಮ್ಮಣ್ಣನೇ ಹೇಳ್ತಾನಲ್ಲ. ಸುಮ್ನೆ ಯಾಕೆ ದಂಡ ಅಂತ ಎಲ್ಲರಿಗೂ ಒಂದೊಂದು ಚೂರು ಹಾಕ್ಬಿಟ್ಟೆ, ನಮ್ಮ ಗಾಡಿಗೆ ಹಾಕಿದ ದಿನಾನೇ."

"ಎಲ್ಲರಿಗೂ ಅಂದ್ರೆ ಯಾರ್ಯಾರಿಗೆ?"

ಅವರು ಬೆರಳು ಮಡಿಸಲು ಶುರು ಮಾಡಿದರು. ಹಾಲಿನ ಗಾಡಿ. ನೀರಿನ ಟ್ಯಾಂಕರು. ಪಕ್ಕದ ಮನೆಯ ಟ್ಯಾಕ್ಸಿ. ಒಂದೊಂದು ಹೆಸರಿಗೂ ಅವರ ಮುಖ ಅರಳುತ್ತಿತ್ತು, ನಾನು ಗೋಡೆ ಹಿಡಿದು ನಿಂತಿದ್ದೆ. ಕೊನೆಯ ಬೆರಳು ಮಡಿಸುವಾಗ ಅದೇ ಮಗುವಿನ ನಗು ನಕ್ಕರು.

"ಎಲ್ಲಕ್ಕಿಂತ ಮೊದಲು ಶಾಲೆ ವ್ಯಾನಿಗೆ. ನಮ್ಮ ಪುಟ್ಟಿ ಹೋಗೋ ಗಾಡಿ ಅಲ್ವಾ? ಅದಕ್ಕೆ ಒಂದು ಚೂರು ಜಾಸ್ತೀನೇ ಹಾಕಿದೀನಿ."

ಶಾಲೆ ಬಿಟ್ಟಾಗಿತ್ತು. ವ್ಯಾನಿನವನು ದಿನಾ ಮೇಲಿನ ತಿರುವಿನಲ್ಲಿ ಎರಡೇ ಎರಡು ಸಲ ಹಾರ್ನ್ ಹೊಡೆಯುತ್ತಾನೆ, ತಾಯಂದಿರು ಬಾಗಿಲಿಗೆ ಬಂದು ನಿಲ್ಲಲಿ ಅಂತ. ನಾನು ಫೋನ್ ಹುಡುಕುತ್ತಿರುವಾಗಲೇ ಮೇಲಿನಿಂದ ಹಾರ್ನ್ ಕೇಳಿಸಿತು.

"ಬಂತು ನೋಡು ಪುಟ್ಟಿ" ಅಂದರು ಮಾವ, ಚಪ್ಪಲಿಗೆ ಕಾಲು ಚಾಚುತ್ತ.

ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿದಿತ್ತು. ಹಾರ್ನ್ ಹತ್ತಿರ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.