ತಾತನ ಸೋಲೋ

ರಾಕ್ ಬ್ಯಾಂಡಿನ ಲೀಡ್ ಗಿಟಾರಿಸ್ಟ್ ತಾತನಾದ ಮೇಲೂ ತಣ್ಣಗಾದವನಲ್ಲ. ಅವನು ಸೋಲೋ ಬಾರಿಸಿದರೆ ಸಭಾಂಗಣವೇ ಎದ್ದು ಕುಣಿಯಬೇಕು. ಮನೆಯಲ್ಲಿ ಮಾತ್ರ ಹೆಂಡತಿಯ ಕಟ್ಟಪ್ಪಣೆಗೆ ಹೆದರಿ, ಗಿಟಾರಿಗೆ ಸ್ಪೀಕರಿನ ವೈರ್ ಚುಚ್ಚದೆ ಅದನ್ನೇ ಟಿಣಿಟಿಣಿ ಎಂದು ಅಭ್ಯಾಸ ಮಾಡುತ್ತಿದ್ದ. ಅದನ್ನು ಕೇಳುತ್ತಲೇ ಪುಟ್ಟ ಮೊಮ್ಮಗಳು ನಿದ್ದೆ ಹೋಗುವುದು ರೂಢಿಯಾಗಿಬಿಟ್ಟಿತ್ತು.

ಅವಳು ಮೊದಲ ಸಲ ಕಾರ್ಯಕ್ರಮಕ್ಕೆ ಬಂದ ಸಂಜೆ ಅದೇ ಸೋಲೋ ಶುರುವಾಯಿತು. ಜನ ಹುಚ್ಚೆದ್ದು ಕುಣಿದರು. ಸದ್ದು ತಡೆಯಲೆಂದು ಕಿವಿಗೆ ಹಾಕಿದ್ದ ದಪ್ಪ ಮುಚ್ಚಳ ದಾಟಿ ಅವಳಿಗೆ ಮನೆಯ ಟಿಣಿಟಿಣಿಯೇ ಕೇಳಿಸಿತೇನೋ, ಮುಂದಿನ ಸಾಲಿನಲ್ಲಿ ಆಕಳಿಸಿ, ಅಜ್ಜಿಯ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಅದನ್ನು ಕಂಡ ತಾತನ ಕೈ ತಾನಾಗಿಯೇ ವಾಲ್ಯೂಮ್ ತಗ್ಗಿಸಿತು.

"ಏನಾಯ್ತಣ್ಣಾ?" ಡ್ರಮ್ಮರ್ ಗಾಬರಿಯಿಂದ ಕೂಗಿದ.

"ಶ್! ಮೆಲ್ಲಗೆ ಬಡಿಯೋ, ಪಾಪು ಮಲಗಿದೆ."